ಸ್ವಾಮಿಗಳಿಗೆ ಪ್ರತ್ಯೇಕ ವ್ಯವಸ್ಥೆ ಇದೆ

7 ಆಗಸ್ಟ್ 2011, ಭಾನುವಾರ

ಬ್ರಹ್ಮಾವರ. ಬಸ್‌ಸ್ಟ್ಯಾಂಡ್ ಹತ್ತಿರದ ಹೊಸ ಬೇಕರಿ. ಎಗ್ ಪಫ್ ತಿಂದೆ. ತಿಂದೆ ಅನ್ನುವುದು ದೊಡ್ಡ ಮಾತು — ಅಗಿದೆ. ಪದರ ಪದರವಾಗಿ ಉದುರಬೇಕಾದ್ದು ಚಪ್ಪಲಿಯ ಅಟ್ಟೆಯ ಹಾಗೆ ಬಗ್ಗುತ್ತಿತ್ತು. ಒಳಗೆ ಅರ್ಧ ಮೊಟ್ಟೆ, ಸುತ್ತ ಅರೆಬೆಂದ ಈರುಳ್ಳಿ. ಗಾಜಿನ ಕಪಾಟಿನೊಳಗೆ ಒಂದು ನೊಣ ಇತ್ತು. ಅದೂ ಯಾವುದರ ಮೇಲೂ ಕೂರುತ್ತಿರಲಿಲ್ಲ.

ಗಲ್ಲೆಯಲ್ಲಿದ್ದವ ಹಲ್ಲು ಕಿರಿದು ಕೇಳಿದ, "ಹ್ಯಾಂಗಿತ್ತ್ ಮೇಡಂ?"

"ಮಾಡಿದವ್ರಿಗೆ ಒಂದ್ ತಿನ್ಸಿ ಕಾಣಿ. ಕಡೆಗೆ ನನ್ ಹತ್ರ ಕೇಣಿ" ಎಂದೆ. ಹಲ್ಲು ಒಳಗೆ ಹೋಯಿತು.

ಮೀನುಗಾರರ ಸೊಸೈಟಿಯಲ್ಲಿ ಗುಮಾಸ್ತೆಯಾಗಿ ರಿಟೈರ್ ಆದವಳಿಗೆ ಭಾನುವಾರ ಹೊರಗೆ ತಿನ್ನುವುದು ಬಿಟ್ಟರೆ ಬೇರೆ ಚಟ ಇಲ್ಲ. ಚಟ ಒಳ್ಳೆಯದೇ, ಊರು ಒಳ್ಳೆಯದಲ್ಲ. ಕುಂದಾಪುರದ ಆಚೆ ಈಚೆ ಎಲ್ಲಿ ಹುಡುಕಿದರೂ ಮರ್ಯಾದೆಯಿಂದ ಬಾಯಿಗಿಡುವಂಥದ್ದು ಸಿಗುವುದಿಲ್ಲ. ಆದರೂ ಮುಂದಿನ ವಾರ ಮತ್ತೆ ಬಸ್ ಹತ್ತುತ್ತೇನೆ.

ಗಂಗೊಳ್ಳಿಗೆ ವಾಪಸ್ ಬಂದು ನೋಡಿದರೆ ರಾಜೀವ ಗಂಜಿ ಮುಟ್ಟಿಲ್ಲ. ಮೇ ತಿಂಗಳಲ್ಲಿ ತಮ್ಮನ ಹೊಟ್ಟೆಯ ಮುಕ್ಕಾಲು ಭಾಗ ಕೊಯ್ದು ತೆಗೆದರು. ಗಡ್ಡೆ ಹೋಯಿತು, ಹಸಿವೂ ಜೊತೆಗೇ ಹೋಯಿತು. ಬಂದರಿನಲ್ಲಿ ಮೂವತ್ತು ವರ್ಷ ಮೀನು ಏಲಂ ಕೂಗಿದ ಗಂಟಲು ಈಗ ಎರಡು ಚಮಚ ಗಂಜಿಗೆ ಹೆದರುತ್ತದೆ. ಅವನ ಹೆಂಡತಿ ಇದ್ದಿದ್ದರೆ ಅತ್ತು ತಿನ್ನಿಸುತ್ತಿದ್ದಳೋ ಏನೋ. ನನಗೆ ಅಳಲು ಬರುವುದಿಲ್ಲ. ಬೈದೆ. ಬೈದರೂ ತಿನ್ನಲಿಲ್ಲ.

21 ಆಗಸ್ಟ್, ಭಾನುವಾರ

ಬೈಂದೂರು. 'ಚೈನೀಸ್' ಅಂತ ಕೆಂಪು ಬೋರ್ಡು, ಬಾಗಿಲಿಗೆ ಕಾಗದದ ಡ್ರ್ಯಾಗನ್. ನೂಡಲ್ಸ್ ನಿನ್ನೆಯದು, ಸಾಸ್ ಇವತ್ತಿನದು. ಪಕ್ಕದ ಟೇಬಲ್‌ನ ಹೊಸ ಜೋಡಿ ಫೋರ್ಕಿಗೆ ಸುತ್ತಿ ಸುತ್ತಿ, ಬೀಳಿಸಿ ಬೀಳಿಸಿ, ಕೊನೆಗೆ ಮದುಮಗ ಸುತ್ತ ನೋಡಿ ಕೈ ಹಾಕಿದ. ಕೈ ಹಾಕಲು ನಾಚಿಕೆ, ಇಂಥದ್ದನ್ನು ತಿನ್ನಲು ನಾಚಿಕೆ ಇಲ್ಲ.

ಹೆಮ್ಮಾಡಿಯಲ್ಲಿ ಬಸ್ ನಿಂತಾಗ ಹೆದ್ದಾರಿ ಬದಿಗೆ ಹೊಸ ಕಟ್ಟಡ ಕಂಡಿತು. ಸೈಗಾನ್ ಕಿಚನ್ — ವಿಯೆಟ್ನಾಮೀಸ್ ರೆಸ್ಟೋರೆಂಟ್ ಮತ್ತು ಬೇಕರಿ. ಕಂಡಕ್ಟರ್ ಹೇಳಿದ, ದೊಡ್ಡಮನೆಯ ವಿಶಾಲನದ್ದಂತೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಆ ದೇಶದಲ್ಲಿ ನಾಲ್ಕು ವರ್ಷ ಇದ್ದು ಬಂದಿದ್ದಾನಂತೆ. ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆಯಲಿ, ನೋಡೋಣ.

11 ಸೆಪ್ಟೆಂಬರ್, ಭಾನುವಾರ

ಹೆಮ್ಮಾಡಿ. ಬಾಗಿಲಲ್ಲೇ ವಿಶಾಲ್. ಕಿವಿಯಲ್ಲಿ ಒಂಟಿ ಕಡಕು, ಮೈಗೆ ಸೆಂಟು. "ಬನ್ನಿ ಆಂಟಿ." ನಾನು ಯಾವ ಕಡೆಯಿಂದ ಇವನಿಗೆ ಆಂಟಿ? ಇವನ ಅಜ್ಜನ ಮನೆಯ ಹಿತ್ತಲ ಬಾಗಿಲಲ್ಲಿ ನಿಂತು ನನ್ನಮ್ಮ ಒಣಮೀನು ಮಾರುತ್ತಿದ್ದಳು. ಆಗ ಯಾರೂ ಆಂಟಿ ಅಂದದ್ದು ಕೇಳಿಲ್ಲ.

ಫಿಶ್ ನೂಡಲ್ ಸೂಪ್ ಬಂತು. ಬಟ್ಟಲು ಅಂದರೆ ಮಗುವಿಗೆ ಸ್ನಾನ ಮಾಡಿಸಬಹುದು. ಅದರಲ್ಲಿ ನಮ್ಮದೇ ಅಕ್ಕಿ ಶ್ಯಾವಿಗೆ. ಕಾಯಿಹಾಲು ಹಾಕಿ ತಿನ್ನುವುದನ್ನು ಬಿಟ್ಟು ಬಿಸಿನೀರು ಹೊಯ್ದಿದ್ದಾರೆ. ಜೊತೆಗೆ ತಟ್ಟೆ ತುಂಬ ಹಸಿ ಸೊಪ್ಪು. ನೋಡಿದರೆ ಒಂದೆಲಗ! ನಮ್ಮ ಗದ್ದೆ ಅಂಚಿನಲ್ಲಿ ಕಾಲಿಟ್ಟಲ್ಲೆಲ್ಲ ಇರುವ ಒಂದೆಲಗ.

"ಇದ್ ಎಂತ ಮಾಡೂಕೆ?"

"ಹರ್ದ್ ಸೂಪಿಗ್ ಹಾಕ್ಕಂಡ್ ತಿನ್ನಿ ಆಂಟಿ. ಅಲ್ಲಿ ಹಾಂಗೇ ತಿಂಬುದ್. ಹೆಲ್ದಿ."

ನಮಗೆ ಅದನ್ನು ಅರೆದು ತಂಬುಳಿ ಮಾಡುವಷ್ಟು ಬುದ್ಧಿ ದೇವರು ಕೊಟ್ಟಿದ್ದಾನೆ. ಮೊಲದ ಹಾಗೆ ಮೇಯಲು ವಿಮಾನ ಹತ್ತಿ ಕಲಿತು ಬರಬೇಕಿತ್ತೆ? ಆಚೆ ಟೇಬಲ್‌ನ ಕುಂದಾಪುರದ ವಕೀಲರು ಎರಡು ಕಡ್ಡಿ ಹಿಡಿದು ಮೀನಿನ ತುಂಡಿನ ಜೊತೆ ಯುದ್ಧಕ್ಕೆ ನಿಂತಿದ್ದರು. ಮೀನು ಗೆದ್ದಿತು.

ಸಾರು ಮಾತ್ರ... ಬಟ್ಟಲಿನಲ್ಲಿದ್ದದ್ದು ಎರಡು ತುಂಡು ಮೀನು, ನಾಲಗೆಗೆ ಹತ್ತಿದ್ದು ಒಂದು ಬುಟ್ಟಿ ಮೀನಿನ ರುಚಿ. ಮುಳ್ಳು ಕುದಿಸಿರಬೇಕು. ಹೊಗಳಲಿಲ್ಲ. ಹೊಗಳಿದರೆ ರೇಟು ಏರಿಸುತ್ತಾನೆ.

9 ಅಕ್ಟೋಬರ್, ಭಾನುವಾರ

ಮತ್ತೆ ಹೆಮ್ಮಾಡಿ. ಖಂಡಿಸಬೇಕಾದರೆ ಸರಿಯಾಗಿ ತಿಂದು ಖಂಡಿಸಬೇಕು. ಈ ಸಲ ಬೇಕರಿ ಕಡೆ ಕೂತೆ. ಉದ್ದ ಬ್ರೆಡ್, ಹೊರಗೆ ಕರುಂ ಕುರುಂ, ಒಳಗೆ ಹತ್ತಿ. ಸೀಳಿ ಅದರಲ್ಲಿ ಕೋಳಿ, ಸೌತೆಕಾಯಿ, ಹುಳಿ ಕ್ಯಾರೆಟ್ ತುಂಬಿದ್ದರು.

ಆ ಬ್ರೆಡ್ ಬಗ್ಗೆ ಏನೂ ಬರೆಯುವುದಿಲ್ಲ. ಎರಡು ತಿಂದೆ.

ಒಳಗೆ ಅಡುಗೆಗೆ ನಮ್ಮ ಕೇರಿಯ ಬೆಳ್ಳಿ. ಗಂಡ ಬೋಟಿನಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮೀನು ಮಾರುವುದು ಬಿಟ್ಟು ಇಲ್ಲಿ ಸೇರಿದ್ದಾಳೆ. ತಲೆಗೆ ಬಿಳಿ ಟೊಪ್ಪಿ. "ಹ್ವಾಯ್ ಉಮಕ್ಕ, ನಗಾಡ್ಬೇಡಿ ಮಾರಾಯ್ರೆ, ಹಾಕ್ಲಿಲ್ದಿರೆ ಬೈತ್ರ್" ಎಂದಳು. ನಗಾಡಿದೆ.

28 ಅಕ್ಟೋಬರ್, ಶುಕ್ರವಾರ

ಆಸ್ಪತ್ರೆ. ತೂಕ ಮತ್ತೆ ಇಳಿದಿದೆ. ಡಾಕ್ಟರ್ ನನ್ನನ್ನೇ ಹೊರಗೆ ಕರೆದು ಹೇಳಿದರು. ತಿನ್ನದಿದ್ದರೆ ಮೂಗಿನಿಂದ ನಳಿಗೆ ಇಳಿಸಬೇಕು, ಈ ದೇಹ ಎಷ್ಟು ತಡೆಯುತ್ತದೋ ಗೊತ್ತಿಲ್ಲ. ಹೇಗಾದರೂ ತಿನ್ನಿಸಿ ಅಂತೆ. ಹೇಗಾದರೂ! ಆ ಔಷಧಿಯ ಹೆಸರು ಚೀಟಿಯಲ್ಲಿ ಬರೆದುಕೊಡಲಿಲ್ಲ.

ಬೈಗೆ ಮೀನಿನ ಸಾರು ಮಾಡಿದೆ. ಕಾಣೆ ಹುರಿದೆ. ಸಿಗಡಿ ಚಟ್ನಿ ಮಾಡಿದೆ. ಎಲೆಯ ಮುಂದೆ ಕೂತು ಮೂಸಿ, ತಲೆ ತಿರುಗಿಸಿದ. "ಹೊಟ್ಟಿಗ್ ಭಾರ ಆತ್ತಕ್ಕ." ಬೊಂಬಾಯಿಯಿಂದ ಅವನ ಮಗಳು ದಿವ್ಯಾ ಫೋನು. ಹಾರ್ಲಿಕ್ಸ್ ಕೊಡಿ ಅತ್ತೆ, ಸೂಪ್ ಕೊಡಿ, ಇಂಟರ್ನೆಟ್ಟಿನಲ್ಲಿ ಓದಿದೆ... ಓದಲಿ. ಓದುವುದಕ್ಕೆ ಹೊಟ್ಟೆ ಬೇಡ.

17 ನವೆಂಬರ್, ಗುರುವಾರ

ರಾಜೀವ ಅಯ್ಯಪ್ಪನ ಮಾಲೆ ಹಾಕಿಕೊಂಡು ಬಂದ!

ನಿಲ್ಲಲು ಗೋಡೆ ಹಿಡಿಯಬೇಕು, ಮೈಗೆ ಕಪ್ಪು ಪಂಚೆ. ಇದು ಹದಿನೆಂಟನೆಯ ವರ್ಷ. ಹದಿನೆಂಟಕ್ಕೆ ಮಲೆಗೆ ತೆಂಗಿನ ಸಸಿ ಹೊತ್ತುಕೊಂಡು ಹೋಗಬೇಕು. ಆಪರೇಷನ್ ಥಿಯೇಟರಿಗೆ ತಳ್ಳಿಕೊಂಡು ಹೋಗುವಾಗ ಹರಕೆ ಹೊತ್ತನಂತೆ, ಬದುಕಿ ಬಂದರೆ ಸಸಿ ನೆಡುತ್ತೇನೆ ಅಂತ. ನನಗೆ ಇವತ್ತು ಹೇಳುತ್ತಾನೆ.

"ವ್ರತ ಮಾಡೂಕೆ ಮೈಯಗೆ ಎಂತ ಇತ್ತ್ ನಿಂಗೆ?"

"ಮೈಯಗೆ ಇಲ್ದಿದ್ದಕ್ಕೇ ವ್ರತ ಅಕ್ಕ."

ಅವನ ನಂಬಿಕೆ ನನಗೆ ಗೊತ್ತು. ಚಿಕ್ಕಂದಿನಲ್ಲಿ ಜೊತೆಗೆ ಬೋಟಿಗೆ ಹೋಗುತ್ತಿದ್ದ ಬಚ್ಚ, ವ್ರತದಲ್ಲಿ ಕದ್ದು ಮೀನು ತಿಂದು ಮಲೆ ಹತ್ತಿದ, ಕೆಳಗೆ ಇಳಿಯಲಿಲ್ಲ. ಎದೆನೋವು. ಬೀಡಿ ಸೇದಿ ಸೇದಿ ಬಂದ ಎದೆನೋವು ಅಂತ ನಾನು ಸಾವಿರ ಸಲ ಹೇಳಿದ್ದೇನೆ. ರಾಜೀವನ ತಲೆಗೆ ಅದು ಹೋಗುವುದಿಲ್ಲ. ವ್ರತ ಕೆಟ್ಟವ ಮಲೆ ಹತ್ತಿದರೆ ಮುಗಿಯಿತು, ಅಷ್ಟೆ.

ಇನ್ನು ಮನೆಯಲ್ಲಿ ಮೀನಿಲ್ಲ. ಪಾತ್ರೆ ಎಲ್ಲ ತೊಳೆದು ಅಟ್ಟಕ್ಕೆ. ಮೇಲಿಂದ ಇವನನ್ನು 'ಸ್ವಾಮಿ' ಅನ್ನಬೇಕಂತೆ. ಇವನ ಮೂಗು ಒರೆಸಿದವಳು ನಾನು. ಅನ್ನುವುದಿಲ್ಲ.

20 ನವೆಂಬರ್, ಭಾನುವಾರ

ಮನೆಯಲ್ಲಿ ಇಲ್ಲದ ಮೇಲೆ ಹೊರಗಾದರೂ ಮೀನು ತಿನ್ನೋಣ ಅಂತ ಹೆಮ್ಮಾಡಿಗೆ ಹೋದರೆ ಅಲ್ಲಿ ಬಾಳೆಕಂಬ ಕಟ್ಟಿದ್ದಾರೆ! ಆಳೆತ್ತರದ ಬ್ಯಾನರ್. ಮಕರ ಸಂಕ್ರಮಣದವರೆಗೆ ಸೈಗಾನ್ ಕಿಚನ್ ಶುದ್ಧ ಸಸ್ಯಾಹಾರಿ. ಅಯ್ಯಪ್ಪ ಸ್ವಾಮಿಗಳಿಗೆ ಪ್ರತ್ಯೇಕ ವ್ಯವಸ್ಥೆ ಇದೆ. ಮೂಲೆಯಲ್ಲಿ ಕಡ್ಡಿಯಲ್ಲಿ ತಿನ್ನುವ ಚೀನಾ ಹುಡುಗಿಯ ಚಿತ್ರ, ಅವಳ ಹಣೆಗೆ ಯಾರೋ ಕುಂಕುಮ ಬರೆದಿದ್ದಾರೆ.

ಹುಬ್ಬಳ್ಳಿ, ಕಾರವಾರ ಕಡೆಯ ಸ್ವಾಮಿಗಳ ಗಾಡಿಗಳು ಸಾಲಾಗಿ ನಿಂತಿದ್ದವು. ವ್ಯಾಪಾರ ಬಿಡುತ್ತಾನೆಯೇ ದೊಡ್ಡಮನೆಯ ಹುಡುಗ?

"ಹೊಸ ಪಾತ್ರೆ, ಹೊಸ ಒಲೆ ಆಂಟಿ. ಈರುಳ್ಳಿ, ಬೆಳ್ಳುಳ್ಳಿ ಸಹ ಇಲ್ಲ. ವೆಜ್ ಸೂಪ್ ಟ್ರೈ ಮಾಡಿ."

"ಸೊಪ್ಪ್ ಬೇಯ್ಸಿದ್ ನೀರ್ ಕುಡೂಕೆ ನಾನ್ ಬಾಣಂತಿ ಅಲ್ಲ" ಎಂದೆ. ಬ್ರೆಡ್ ಕಟ್ಟಿಸಿಕೊಂಡು ಬಂದೆ.

27 ನವೆಂಬರ್, ಭಾನುವಾರ

ಬೆಳ್ಳಿ ತಮ್ಮನ ವಿಷಯ ಹೇಳಿದ್ದಳಂತೆ. ಇವತ್ತು ವಿಶಾಲ್ ನಾನು ಕೇಳದೆಯೇ ಸ್ಟೀಲ್ ಕ್ಯಾರಿಯರ್ ತುಂಬಿಸಿ ಕೊಟ್ಟ. "ಸ್ವಾಮಿಗ್ ತಕಂಡ್ ಹೋಯ್ನಿ. ಸೇರ್ಲಿಲ್ದಿರೆ ದುಡ್ಡ್ ಬ್ಯಾಡ." ಸೇರುವುದಿಲ್ಲ, ನೀನು ದುಡ್ಡು ಕಳೆದುಕೋ ಅಂತ ತಂದೆ.

ರಾಜೀವ ಪೂಜೆ ಮುಗಿಸಿ ಕೂತ. ಬಟ್ಟಲಿಗೆ ಹೊಯ್ದೆ. ಒಂದು ಚಮಚ. ಕಣ್ಣು ಮುಚ್ಚಿ ಕೂತ. ಈಗ ಉಗುಳುತ್ತಾನೆ ಅಂತ ನಾನು ಪಾತ್ರೆ ಹಿಡಿದು ನಿಂತಿದ್ದೆ. ಇನ್ನೊಂದು ಚಮಚ. ಮತ್ತೊಂದು. ಬಟ್ಟಲು ಎತ್ತಿ ಕುಡಿದ.

"ಇನ್ನೂ ಇತ್ತಾ ಅಕ್ಕ?"

ಮೇ ತಿಂಗಳಿಂದ ಈಚೆ ಈ ಮಾತು ಕೇಳಿರಲಿಲ್ಲ. ಒಳಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ.

9 ಡಿಸೆಂಬರ್, ಶುಕ್ರವಾರ

ದಿನ ಬಿಟ್ಟು ದಿನ ಹೆಮ್ಮಾಡಿ ಬಸ್ಸು. ತೂಕ ಏರಿದೆ! ಸ್ವಲ್ಪವೇ, ಆದರೂ ಏರಿದೆ. ಡಾಕ್ಟರ್ ಕನ್ನಡಕ ತೆಗೆದು ಮತ್ತೆ ಹಾಕಿ ನೋಡಿದರು. ಏನು ಕೊಡುತ್ತೀರಿ ಎಂದರು. ವಿಯೆಟ್ನಾಂ ಸೊಪ್ಪಿನ ನೀರು ಎಂದೆ. ಬರೆದುಕೊಂಡರು. ಏನು ಬರೆದುಕೊಂಡರೋ.

ಆ ಸೂಪನ್ನು ನಾನು ಮಾತ್ರ ಇನ್ನೂ ಬಾಯಿಗೆ ಹಾಕಿಲ್ಲ. ಹಾಕುವುದೂ ಇಲ್ಲ. ವಿಶಾಲ ಈಗ ಬಾಗಿಲಲ್ಲಿ ನನ್ನ ಕಂಡರೆ ಸಾಕು, ಎಲ್ಲ ಗಿರಾಕಿಗಳಿಗೆ ಕೇಳುವ ಹಾಗೆ "ನಮ್ಮ ಸೂಪಿಂದ್ಲೇ ಇವ್ರ್ ತಮ್ಮ ಎದ್ದ್ ಕೂಕಂಡ್ರ್" ಅನ್ನುತ್ತಾನೆ. ಧನ್ವಂತರಿಯ ಮರಿಮಗ.

12 ಡಿಸೆಂಬರ್, ಸೋಮವಾರ, ಬೆಳಿಗ್ಗೆ

ನಿನ್ನೆ ಕ್ಯಾರಿಯರ್ ತೊಳೆಯದೆ ಮುಚ್ಚಳ ಹಾಕಿ ಮಲಗಿದ್ದೆ. ಬೆಳಿಗ್ಗೆ ಬಾವಿಕಟ್ಟೆಯಲ್ಲಿ ತೆರೆದೆ.

ವಾಸನೆ.

ತಪ್ಪಿರಬೇಕು ಅಂತ ಮತ್ತೆ ಮೂಸಿದೆ. ಬೆರಳು ಅದ್ದಿ ನಾಲಗೆಗಿಟ್ಟೆ. ತಪ್ಪಿಲ್ಲ. ನಾನು ಯಾರ ಮಗಳು! ನಮ್ಮ ಹಿತ್ತಲಲ್ಲಿ ಅಮ್ಮ ಮೀನಿಗೆ ಉಪ್ಪು ಹಾಕಿ ಹಂಡೆಯಲ್ಲಿ ಒತ್ತಿ ಇಡುತ್ತಿದ್ದಳು. ದಿನ ಕಳೆದ ಹಾಗೆ ಕೆಳಗೆ ಕೆಂಪನೆಯ ನೀರು ಇಳಿಯುತ್ತಿತ್ತು. ಅದನ್ನು ತೆಂಗಿನ ಬುಡಕ್ಕೆ ಚೆಲ್ಲುವುದು ನನ್ನ ಕೆಲಸ. ಅದೇ ನೀರು. ಕ್ಯಾರಿಯರಿನ ತಳದಲ್ಲಿ ಅದೇ ನೀರು.

ಒಳಗೆ ರಾಜೀವ ಶರಣು ಹೇಳುತ್ತಿದ್ದಾನೆ. ಗಂಟಲು ಗಟ್ಟಿಯಾಗಿದೆ ಈಗ.

ಅದೇ ದಿನ, ಮಧ್ಯಾಹ್ನ

ಮೊದಲ ಬಸ್ಸಿಗೇ ಹೋದೆ. ಹಿಂಬಾಗಿಲಿಂದ ನೇರ ಅಡುಗೆಮನೆಗೆ. ಬೆಳ್ಳಿ ಒಲೆ ಮುಂದೆ. ಬಗಲಲ್ಲಿ ಉದ್ದ ಕುತ್ತಿಗೆಯ ಬಾಟ್ಲಿ. ಅಂಗೈಗೆ ಹೊಯ್ದುಕೊಂಡು ನೆಕ್ಕಿದೆ. ಬೆಳ್ಳಿ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ನಿಂತಳು.

"ನಂಗೆ ಮೊದ್ಲ್ ದಿನವೇ ಗೊತ್ತಾಯ್ತ್ ಉಮಕ್ಕ. ಕೇಂಡೆ. ಸೋಯಾ ಅಂದ್ರ್. ಸಂಬ್ಳ ಕೊಡುವವ್ರ್ ಸೋಯಾ ಅಂದ್ರೆ ನಂಗೆ ಸೋಯಾವೇ."

ವಿಶಾಲ್ ಓಡಿ ಬಂದ. ಮೊದಲು ನಗು, ಆಮೇಲೆ ಇಂಗ್ಲಿಷು, ಆಮೇಲೆ ಮುಖದಲ್ಲಿ ಬೆವರು.

"ಆಂಟಿ, ಅದ್ ಮೀನಲ್ಲ, ಸಾಸ್. ಒಂದ್ ದೊಡ್ ಪಾತ್ರಿಗ್ ನಾಕ್ ಚಮಚ. ಅದಿಲ್ದಿರೆ ರುಚಿಯೇ ಬತ್ತಿಲ್ಲ. ನೀರಿನ್ ಹಾಂಗಿತ್ತ್, ಕಾಣಿ. ಇದ್ರಗೆ ಒಂದ್ ಮುಳ್ಳ್ ತೋರ್ಸಿ ಕಾಂಬ!"

ಮುಳ್ಳು ಇದ್ದರೆ ಮಾತ್ರ ಮೀನು! ಸಮುದ್ರದ ಬಾಗಿಲಲ್ಲಿ ಹುಟ್ಟಿ, ಏಳು ತಲೆಮಾರು ಮೀನು ತಿಂದ ಊರು. ಎಂಥ ಊರು! ಹೊರಗೆ ಹಾಲ್‌ನಲ್ಲಿ ಇಪ್ಪತ್ತು ಸ್ವಾಮಿಗಳು ಸೊರ್ರೆಂದು ಹೀರುತ್ತಿದ್ದಾರೆ. ಒಬ್ಬರಿಗೂ ಗೊತ್ತಾಗಲಿಲ್ಲ. ಬಾಳೆಕಂಬ, ಕುಂಕುಮ, ಹೊಸ ಒಲೆ — ಕಣ್ಣಿಗೆ ಶುದ್ಧ ಕಂಡರೆ ಸಾಕು, ಮೂಗನ್ನು ಮನೆಯಲ್ಲಿಟ್ಟು ಬರುತ್ತಾರೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನುತ್ತಾರೆ. ಇವರಿಗೆ ತಿಂದದ್ದು ಬದನೆಕಾಯಿ ಅಂತಲೂ ಗೊತ್ತಿಲ್ಲ.

"ಈಗ್ಳೇ ಹೊರ್ಗ್ ಹೋಯಿ ಹೇಳ್ತೆ" ಎಂದೆ.

ಕೈ ಮುಗಿದ. ಒಂಟಿ ಕಡಕಿನ ಕಿವಿ ಕೆಂಪಗಾಗಿತ್ತು. "ಹೇಳ್ಬೇಡಿ ಆಂಟಿ. ಹೋಟ್ಲ್ ಸುಟ್ಟ್ ಹಾಕ್ತ್ರ್. ನಂಗ್ ಬಿಡಿ, ಅಡ್ಗಿ ಮಾಡಿದ್ ಬೆಳ್ಳಿ. ಅವ್ಳನ್ ಬಿಡುದಿಲ್ಲ."

ಹೇಡಿ. ಆದರೂ ಹೇಳಿದ್ದು ಸುಳ್ಳಲ್ಲ. ನನ್ನ ಕಣ್ಣೆದುರೇ ಬಾಟ್ಲಿಗಳನ್ನು ಚರಂಡಿಗೆ ಸುರಿಯಲು ಹೇಳಿದೆ. ಸುರಿದ. ಎಲ್ಲ ಪಾತ್ರೆ ಖಾಲಿ ಮಾಡಿಸಿದೆ. ಇನ್ನು ಮುಂದೆ ಹಾಕಿದ್ದು ಮೂಗಿಗೆ ಬಡಿದರೆ ಕುಂದಾಪುರದ ಸ್ವಾಮಿಗಳ ಶಿಬಿರಕ್ಕೆ ನಾನೇ ಹೋಗಿ ಹೇಳುತ್ತೇನೆ ಎಂದೆ. ಹೊಸದಾಗಿ ಮಾಡಿಸಿದ ಸೂಪು ತುಂಬಿಸಿಕೊಂಡು ಎದೆ ಎತ್ತಿ ಬಸ್ ಹತ್ತಿದೆ. ಇಷ್ಟು ಸಂತೋಷದಿಂದ ಯಾರನ್ನಾದರೂ ಬೈದು ವರ್ಷಗಳಾಗಿದ್ದವು.

14 ಡಿಸೆಂಬರ್, ಬುಧವಾರ

ಮುಟ್ಟಲಿಲ್ಲ. ಸೋಮವಾರದ್ದೂ ಮುಟ್ಟಲಿಲ್ಲ, ಇವತ್ತಿನದ್ದೂ ಇಲ್ಲ.

"ಇದ್ ಸಪ್ಪಿ ಅಕ್ಕ. ಬೇರೆ ಯಾರೋ ಮಾಡಿದ್ದಾ?"

16 ಡಿಸೆಂಬರ್, ಶುಕ್ರವಾರ

ನಾನೇ ಮಾಡಿದೆ. ಅಣಬೆ ಕುದಿಸಿ, ಟೊಮೆಟೊ ಸುಟ್ಟು, ನಿಜವಾದ ಸೋಯಾ ಸಾಸ್ ತಂದು. ಮೂರು ಪಾತ್ರೆ, ಮೂರು ಥರ. ಚಮಚ ತುಟಿಗೆ ತಾಗಿಸಿ ಕೆಳಗಿಟ್ಟ. ಬೈದೆ. ಸ್ವಾಮಿಯನ್ನು ಬೈಯಬಾರದು ಅಂತ ನಕ್ಕ. ನಗಲು ಕೂಡ ಶಕ್ತಿ ಬೇಕಲ್ಲ, ಅರ್ಧಕ್ಕೇ ನಿಂತಿತು.

19 ಡಿಸೆಂಬರ್, ಸೋಮವಾರ

ಏರಿದ ತೂಕ ಎಲ್ಲ ಹೋಯಿತು. ಅದಕ್ಕಿಂತ ಕೆಳಗೆ. ಸೊಪ್ಪಿನ ನೀರು ನಿಲ್ಲಿಸಿದಿರಾ ಅಂತ ಡಾಕ್ಟರ್ ನನಗೇ ಗದರಿದರು. ಗುರುವಾರ ಬಂದು ಅಡ್ಮಿಟ್ ಆಗಬೇಕು, ನಳಿಗೆ ಹಾಕುತ್ತಾರೆ. ರಾಜೀವ ಕೇಳಿದ್ದು ಒಂದೇ, ನಳಿಗೆಯಲ್ಲಿ ಇಳಿಸುವುದು ವೆಜ್ಜಾ?

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿದ. ಭಾರವೇ ಇಲ್ಲ. ಹೆಗಲಿಗೆ ಟವೆಲ್ ಹಾಕಿಕೊಂಡ ಹಾಗೆ.

20 ಡಿಸೆಂಬರ್, ಮಂಗಳವಾರ

ಹೆಮ್ಮಾಡಿ. ವಿಶಾಲ್ ಗಲ್ಲೆ ಬಿಟ್ಟು ಎದ್ದು ನಿಂತ, "ಹಾಕ್ಲಿಲ್ಲ ಆಂಟಿ, ಆಣೆಗೂ ಹಾಕ್ಲಿಲ್ಲ!"

ಒಂದು ಬಾಟ್ಲಿಯಾದರೂ ಉಳಿದಿದೆಯೇ ಅಂತ ಕೇಳಿದೆ.

ನನ್ನ ಬಾಯಿಂದಲೇ ಬಂತು ಆ ಮಾತು. ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆಮೇಲೆ ಮುಖದಲ್ಲಿ ನಗು ಮೂಡಲು ಶುರುವಾಯಿತು, ನನ್ನ ಕಣ್ಣು ನೋಡಿ ಅಲ್ಲಿಗೇ ನಿಂತಿತು. ಮನೆಯ ಫ್ರಿಜ್ಜಿನಲ್ಲಿ ಇತ್ತಂತೆ. ಬೈಕಿನಲ್ಲಿ ಹೋಗಿ ತಂದ.

ಬೆಳ್ಳಿಗೆ ಹೇಳಿದೆ, "ನನ್ ಕ್ಯಾರಿಯರಿಗ್ ಮಾತ್ರ. ಬೇರೆಯವ್ರಿಗ್ ಒಂದ್ ಹನಿ ಬಿದ್ರೂ ಕಾಣ್."

ಅವಳು ಬೈದಿದ್ದರೆ ಒಳ್ಳೆಯದಿತ್ತು. ಒಂದು ಚಮಚ ಹೊಯ್ದಳು, ಕಲಸಿದಳು, ಮುಚ್ಚಳ ಒತ್ತಿದಳು.

ಎಂಟು ದಿನದ ಹಿಂದೆ ಇದೇ ಜಾಗದಲ್ಲಿ ನಿಂತು ಊರಿಗೆಲ್ಲ ಬೈದೆನಲ್ಲ. ವಿಶಾಲ ಸಾಸ್ ಅಂದರೆ ಮೀನಲ್ಲ ಅಂದುಕೊಂಡ ಮೂರ್ಖ. ಬೆಳ್ಳಿ ಸಂಬಳದ ಆಳು. ಗೊತ್ತಿದ್ದೂ ಗೊತ್ತಿದ್ದೂ ಮಾಡಿದವಳು ನಾನೊಬ್ಬಳೇ. ಊರನ್ನು ಬೈಯಲು ನನ್ನ ಹತ್ತಿರ ಎಷ್ಟು ಮಾತಿದೆ! ಇದಕ್ಕೆ ಒಂದೂ ಸಿಗುತ್ತಿಲ್ಲ.

ಕುಡಿದ. ಪೂರ್ತಿ ಕುಡಿದ. "ಹ್ಞಾಂ, ಇದ್ ಕಾಣ್" ಎಂದ.

22 ಡಿಸೆಂಬರ್

ಆಸ್ಪತ್ರೆಗೆ ಹೋಗಲಿಲ್ಲ. ಕುಡಿದ.

25 ಡಿಸೆಂಬರ್

ಕುಡಿದ. ಬ್ರೆಡ್ ಅದ್ದಿ ತಿಂದ.

29 ಡಿಸೆಂಬರ್

ಕುಡಿದ. ಸಂಜೆ ಪೂಜೆಗೆ ನನ್ನನ್ನೂ ಕೂರಿಸಿದ. ತಿಳಿದೋ ತಿಳಿಯದೆಯೋ ಮಾಡಿದ ತಪ್ಪುಗಳನ್ನೆಲ್ಲ ಕ್ಷಮಿಸು ಅಂತ ಕೊನೆಗೆ ಎಲ್ಲರೂ ಕೈಮುಗಿದು ಹೇಳಬೇಕು. ಅವನು ಕಣ್ಣು ಮುಚ್ಚಿ ಹೇಳುತ್ತಿದ್ದ. ನಾನು ಬಾಯಿ ಅಲ್ಲಾಡಿಸಿದೆ, ಸ್ವರ ಹೊರಗೆ ಬರಲಿಲ್ಲ.

6 ಜನವರಿ 2012, ಶುಕ್ರವಾರ

ತೂಕ ಏರಿದೆ. ಚೆನ್ನಾಗಿ ಏರಿದೆ. ಬೇಡ ಬೇಡ ಅನ್ನುತ್ತಲೇ ಡಾಕ್ಟರ್ ಒಪ್ಪಿದರು. ಗಾಡಿಯಲ್ಲಿ ಹೋಗಿ, ಮೇಲೆ ಡೋಲಿಯಲ್ಲಿ ಹತ್ತಿ, ತಿನ್ನುವುದು ಮಾತ್ರ ತಪ್ಪಿಸಬೇಡಿ. ಹೊರಗೆ ಬಂದ ಮೇಲೆ ರಾಜೀವ ಹೇಳಿದ, "ಡೋಲಿ ಗೀಲಿ ಇಲ್ಲ, ನಡ್ಕಂಡೇ ಹತ್ತುದ್." ದಿವ್ಯಾ ಫೋನಿನಲ್ಲಿ ಅತ್ತಳು. ನಿಮ್ಮ ಕೈ ಗುಣ ಅತ್ತೆ, ಅಪ್ಪನನ್ನು ಉಳಿಸಿದಿರಿ ಅಂದಳು.

ಫೋನಿಟ್ಟೆ. ಅವಳ ಅಪ್ಪನನ್ನು ನಾನು ಮಲೆಗೆ ಹೇಗೆ ಕಳಿಸುತ್ತಿದ್ದೇನೆ ಅಂತ ಗೊತ್ತಿದ್ದರೆ ಹೀಗೆ ಅನ್ನುತ್ತಿದ್ದಳೇ? ನಾನು ನಂಬುವವಳಲ್ಲ. ಬಚ್ಚ ಸತ್ತದ್ದು ಬೀಡಿಯಿಂದ. ಬೀಡಿಯಿಂದಲೇ. ಆದರೆ ನಂಬುವವನು ಹತ್ತುತ್ತಾನೆ. ಅರ್ಧ ದಾರಿಯಲ್ಲಿ ಹೇಗೋ ಗೊತ್ತಾದರೆ ಆ ಭಯಕ್ಕೇ ಬೀಳುತ್ತಾನೆ. ಈಗ ಹೇಳಿದರೆ ಇಲ್ಲೇ ಮಾಲೆ ತೆಗೆದು ಮೂಲೆ ಸೇರುತ್ತಾನೆ, ನಾಳೆಯಿಂದ ಒಂದು ತುತ್ತು ಇಳಿಯುವುದಿಲ್ಲ. ಎರಡು ದಾರಿಯನ್ನೂ ನೋಡಿದೆ. ಎರಡೂ ಕಡೆ ಅವನೇ ಬಿದ್ದಿದ್ದಾನೆ.

11 ಜನವರಿ, ಬುಧವಾರ, ಬೆಳಿಗ್ಗೆ

ಇವತ್ತು ಇರುಮುಡಿ ಕಟ್ಟುವುದು. ಅಂಗಳದಲ್ಲಿ ಚಪ್ಪರ, ಮೂಲೆಯಲ್ಲಿ ತೆಂಗಿನ ಸಸಿ. ಶಿಬಿರದ ಸ್ವಾಮಿಗಳು ಹತ್ತು ಗಂಟೆಗೆ ಬರುತ್ತಾರೆ, ಗಾಡಿ ಊಟ ಆದ ಮೇಲೆ.

ಕಾಫಿ ಕೊಡುವಾಗ ರಾಜೀವ ಲೋಟ ತೆಗೆದುಕೊಳ್ಳದೆ ನನ್ನ ಮುಖ ನೋಡಿದ.

"ಅಕ್ಕ, ಕೂಕೋ. ಒಂದ್ ಮಾತ್ ಕೇಂತೆ."

ಕೂತೆ.

"ಆ ಸೂಪಿಗೆ ಎಂತಾರೂ ಹಾಕ್ತ್ರಾ?"

ಇಡೀ ಊರಿಗೆ ಗೊತ್ತು, ಉಮಾವತಿ ಬಾಯಿಗೆ ಬೀಗ ಇಲ್ಲ, ಯಾರ ಮುಲಾಜೂ ಇಲ್ಲ, ಉಪ್ಪು ಹೆಚ್ಚಾದರೆ ಹೆಚ್ಚು, ಹಳಸಿದರೆ ಹಳಸಿತು. ಅದೊಂದೇ ನನ್ನ ಆಸ್ತಿ. ಮದುವೆ ಮನೆಯಲ್ಲೂ ಅಡುಗೆಯವರು ನನ್ನ ಕಂಡರೆ ನಡುಗುತ್ತಾರೆ.

"ಎಂತದಿಲ್ಲ. ಸೊಪ್ಪ್, ಶುಂಠಿ, ನೀರ್" ಎಂದೆ.

ತುಂಬ ಹೊತ್ತು ನೋಡಿದ. ಬಂದರಿನಲ್ಲಿ ಬುಟ್ಟಿಯ ಮೇಲಿನ ನಾಲ್ಕು ಮೀನು ಸರಿಸಿ ಕೆಳಗೆ ಏನಿದೆ ಅಂತ ನೋಡುವ ನೋಟ. ಆಮೇಲೆ ಲೋಟ ತೆಗೆದುಕೊಂಡ.

"ನೀನ್ ಹೇಳಿದ್ ಮೇಲ್ ಮುಗೀತ್. ಇನ್ ನನ್ ನಾಲ್ಗಿ ಬೇರೆ ಹೇಳ್ರೂ ನಾನ್ ನಂಬುದಿಲ್ಲ."

ಅವನ ನಾಲಗೆ. ಮೂವತ್ತು ವರ್ಷ ಬಂದರಿನಲ್ಲಿದ್ದ ನಾಲಗೆ. ಯಾವತ್ತಿನಿಂದ ಗೊತ್ತು ಅವನಿಗೆ? ಅವನು ಕಾಫಿ ಕುಡಿದು ಲೋಟ ಕೆಳಗಿಟ್ಟು ಎದ್ದ.

"ದಾರಿಗ್ ಬೇಕ್. ದೊಡ್ ಥರ್ಮಾಸಿಗ್ ತುಂಬ್ಸ್ಕಂಡ್ ಬಾ."

ಅದೇ ದಿನ, ಹತ್ತೂವರೆ

ಹೆಮ್ಮಾಡಿಗೆ ಆಟೋದಲ್ಲಿ ಹೋಗಿ ಬಂದೆ. ಥರ್ಮಾಸ್ ಮುಂದಿಟ್ಟಾಗ ಬೆಳ್ಳಿ ಸೂಪು ತುಂಬಿಸಿದಳು. ಬಾಟ್ಲಿ ಮುಟ್ಟಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹಿಂದೆ ಸರಿದಳು.

"ನಾ ಹಾಕುದಿಲ್ಲ ಉಮಕ್ಕ. ಇಷ್ಟ್ ದಿನ ಹಾಕ್ದೆ. ಇವತ್ ಮಲೆಗ್ ಹೋಪುದ್. ಹಾಕುದಾರೆ ನೀವೇ ಹಾಕಿ."

ಸರಿ ಎಂದೆ. ಚಮಚ ಹುಡುಕಲಿಲ್ಲ. ಬಾಟ್ಲಿಯನ್ನೇ ಬಗ್ಗಿಸಿದೆ. ಒಮ್ಮೆಲೇ ಬಂದು ಬೆರಳ ಮೇಲೆಲ್ಲ ಹರಿಯಿತು. ಒಂದು ಚಮಚದಷ್ಟು ಆಗಿರಬಹುದು. ದಾರಿ ದೂರ, ಥರ್ಮಾಸ್ ದೊಡ್ಡದು. ಇನ್ನೂ ಒಂದಷ್ಟು ಹೊಯ್ದೆ.

ಥರ್ಮಾಸ್ ಅವನ ಚೀಲದಲ್ಲಿಟ್ಟಾಯಿತು. ಚಪ್ಪರದಲ್ಲಿ ಶರಣು ಶುರುವಾಗಿದೆ. ಇರುಮುಡಿಗೆ ಮೊದಲ ಹಿಡಿ ಅಕ್ಕಿ ಮನೆಯ ಹಿರಿಯರು ಹಾಕಬೇಕು. ಹಿರಿಯರು ಅಂದರೆ ನಾನು. ಗುರುಸ್ವಾಮಿ ಒಂದು ಸಲ ಕರೆದರು. ಬಂದೆ ಎಂದೆ.

ಸೋಪು ಹಾಕಿ ಕೈ ತೊಳೆದೆ. ಹುಣಸೆಹುಳಿ ಹಚ್ಚಿ ತಿಕ್ಕಿ ತೊಳೆದೆ. ಬೂದಿ ಹಾಕಿ ತೊಳೆದೆ. ಈಗ ಅವನೇ ಕರೆಯುತ್ತಿದ್ದಾನೆ, ಅಕ್ಕ, ಎಲ್ರೂ ಕಾಯ್ತಿದ್ರ್, ಬಾ ಅಂತ. ಹೋಗಬೇಕು. ಇನ್ನೊಮ್ಮೆ ಕೈ ಮೂಸಿ ನೋಡಿದೆ, ಇನ್ನೂ